ಬೆರಳೊತ್ತಿ ಕಾರು ಕೊಳ್ಳೋರು

ದಸರಾಕ್ಕೆ ಊರಿಗೆ ಹೋದಾಗ ಮಾವ ಕಾರು ನೋಡೋಕೆ ಅಂತ ಬಳ್ಳಾರಿಗೆ ಕರ್ಕೊಂಡು ಹೋದ್ರು. ಶೋರೂಮಿಗೆ ಕಾಲಿಟ್ಟವರೇ ಮೊದಲು ಮಾಡಿದ ಕೆಲಸ, ಒಂದು ಕಾರಿನ ಬಾಗಿಲಿನ ತಗಡನ್ನ ಹೆಬ್ಬೆರಳಲ್ಲಿ ಒತ್ತಿದ್ದು. ತಗಡು ಸ್ವಲ್ಪ ಒಳಗೆ ಹೋಯ್ತು. "ಡಬ್ಬ ಐತಪ ಇದು" ಅಂದ್ರು. ಪಕ್ಕದ ಕಾರಿನ ಬಾಗಿಲು ಹಾಕಿದ್ರು, 'ಧಪ್' ಅಂತು. "ಗಾಡಿ ಅಂದ್ರ ಇದು." ಸೇಲ್ಸ್ ಹುಡುಗನೂ ತಲೆಯಾಡಿಸಿದ. "ಫೈವ್ ಸ್ಟಾರ್ ಸರ್, ತೂಕ ನೋಡ್ರಿ."

ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಸಿರುಗುಪ್ಪದಿಂದ ಕುರುಗೋಡಿಗೆ ಹೋಗುವಾಗ ಮಾವನ ಮಗನ ಕಾರಿಗೆ ಭತ್ತದ ಟ್ರ್ಯಾಕ್ಟರೊಂದು ಪಕ್ಕದಿಂದ ಗುದ್ದಿತ್ತು. ಕಾರಿನ ಮೂತಿಗೆ ಒಂದು ಗೀರೂ ಇಲ್ಲ. ಬಾಗಿಲು ಮಾತ್ರ ಸೀಟಿನ ತನಕ ಬಂದಿತ್ತು. ಸೊಂಟದ ಮೂಳೆ ಮುರಿದು ಅವನು ಮೂರು ತಿಂಗಳು ಹಾಸಿಗೆ ಹಿಡಿದ. ಮಾವನ ಹೆಬ್ಬೆರಳಿನಲ್ಲಿ ಇದ್ದದ್ದು ಆ ಭಯ. ಭಯ ಸರಿಯಾಗೇ ಇದೆ. ಪರೀಕ್ಷೆ ಮಾತ್ರ ತಪ್ಪು.

ನಮ್ಮೂರ ಮಾಳಿಗೆ ಮನೆ ನೆನಪು ಮಾಡ್ಕೊಳ್ಳಿ. ಮಾಳಿಗೆಯ ಭಾರ ಜಂತಿಗೆ, ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುತ್ತೆ. ಗೋಡೆಯ ಸುಣ್ಣ ಕೆರೆದು ನೋಡಿ ಮನೆ ಗಟ್ಟಿ ಅಂತ ಯಾರೂ ಹೇಳಲ್ಲ. ಬಾಗಿಲಿನ ಹೊರಗಿನ ತಗಡು ಆ ಸುಣ್ಣ ಇದ್ದಂಗೆ, ದಪ್ಪ ಹೆಚ್ಚೂ ಕಮ್ಮಿ ಮುಕ್ಕಾಲು ಮಿಲಿಮೀಟರ್. ಜೀವ ಉಳಿಸೋದು ಅದರ ಹಿಂದಿರೋದು: ಬಾಗಿಲೊಳಗಿನ ಅಡ್ಡಪಟ್ಟಿ, ಎರಡು ಬಾಗಿಲ ನಡುವಿನ ಬಿ-ಪಿಲ್ಲರ್, ಕೆಳಗಿನ ಸಿಲ್, ಸೀಟಿನಡಿಯ ಅಡ್ಡತೊಲೆ, ಮೇಲಿನ ರೂಫ್ ರೇಲ್. ಇದ್ಯಾವುದಕ್ಕೂ ಬೆರಳು ತಾಗಲ್ಲ.

ಪಕ್ಕದ ಗುದ್ದು ಯಾಕೆ ಕಷ್ಟ? ಮುಂದಿನಿಂದ ಗುದ್ದಿದ್ರೆ ಮುದುಡಿಕೊಳ್ಳೋಕೆ ಇಡೀ ಬಾನೆಟ್ ಇದೆ. ಪಕ್ಕದಲ್ಲಿ ನಿಮ್ಮ ಸೊಂಟಕ್ಕೂ ಗುದ್ದುವ ಗಾಡಿಗೂ ನಡುವೆ ಇರೋದು ಒಂದು ಗೇಣು ಜಾಗ. ಅಲ್ಲಿ ಮುದುಡೋಕೆ ಪುರಸೊತ್ತಿಲ್ಲ, ಬಂದ ಬಲವನ್ನ ಸಿಲ್, ನೆಲ, ಛಾವಣಿಗೆ ಹಂಚಿ ಕಳಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೋಡ್ ಬ್ಯಾಲೆನ್ಸಿಂಗ್.

ಅದಕ್ಕೆ ದಪ್ಪ ಕಬ್ಬಿಣವೇ ಬೇಕು ಅಂತಿಲ್ಲ. ಬೋರಾನ್ ಉಕ್ಕನ್ನ 900 ಡಿಗ್ರಿಗಿಂತ ಮೇಲೆ ಕಾಯಿಸಿ, ನೀರು ಹರಿಯೋ ಅಚ್ಚಿನಲ್ಲಿ ಒತ್ತುತ್ತಲೇ ತಣಿಸಿದ್ರೆ ಅದರ ಬಲ 1500 ಮೆಗಾಪಾಸ್ಕಲ್‌ಗೆ ಏರುತ್ತೆ. ಸಾಮಾನ್ಯ ತಗಡಿನದು 300ರ ಆಸುಪಾಸು. 1984ರಲ್ಲಿ ಸ್ವೀಡನ್ನಿನ ಸಾಬ್ 9000 ತನ್ನ ಬಾಗಿಲ ಅಡ್ಡಪಟ್ಟಿಗೆ ಬಳಸಿದ್ದು ಇಂಥದ್ದೇ ಉಕ್ಕು. ಇನ್ನೂ ಜಾಣತನ ಇರೋದು ಬಿ-ಪಿಲ್ಲರ್‌ನಲ್ಲಿ: ಎದೆ-ತಲೆಯ ಎತ್ತರಕ್ಕೆ ಗಟ್ಟಿ, ಬುಡದಲ್ಲಿ ಬೇಕಂತಲೇ ಮೆತ್ತಗೆ. ಬಾಗಲೇಬೇಕಾದ್ರೆ ಪಕ್ಕೆಲುಬಿನ ಹತ್ತಿರ ಬಾಗದೆ ಕೆಳಗೆ ಬಾಗಲಿ ಅನ್ನೋ ಲೆಕ್ಕ. 'ಧಪ್' ಸದ್ದಿನಲ್ಲಿ ಇದು ಕೇಳಿಸುತ್ತಾ? ಆ ಸದ್ದನ್ನ ರಬ್ಬರ್ ಬೀಡಿಂಗ್, ಬೀಗ ತಿದ್ದಿಯೂ ತರಿಸಬಹುದು.

ತೂಕದ ವಾದ ಪೂರ್ತಿ ಸುಳ್ಳೂ ಅಲ್ಲ. ಎರಡು ಗಾಡಿ ಗುದ್ದಿಕೊಂಡಾಗ ಭಾರದ ಗಾಡಿಯವನಿಗೆ ಅನುಕೂಲ ಇದ್ದೇ ಇದೆ. ಆದರೆ ಕಾರು ಅಡ್ಡ ಜಾರಿ ಬೇವಿನ ಮರಕ್ಕೋ ಕರೆಂಟ್ ಕಂಬಕ್ಕೋ ಬಡಿದ್ರೆ ಲೆಕ್ಕ ತಿರುಗುತ್ತೆ. ಮರ ಅಲುಗಲ್ಲ. ನಿಮ್ಮ ಕಾರಿನ ತೂಕ ಹೊತ್ತು ತಂದ ಶಕ್ತಿಯನ್ನೆಲ್ಲ ನಿಮ್ಮ ಬಾಗಿಲೇ ತಿನ್ನಬೇಕು. ಅಲ್ಲಿ ಹಗುರವಾಗಿದ್ದೂ ಗಟ್ಟಿಯಾಗಿರೋ ಕಾರೇ ಮೇಲು.

ಹಾಗಂತ ಸ್ಟಾರ್ ನೋಡಿ ಸುಮ್ಮನಾಗೋಣ್ವಾ? ನನ್ನ ಮುಖ್ಯ ತಕರಾರು ಇಲ್ಲೇ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಒಳ್ಳೆ ಹೆಜ್ಜೆ. 2014ರ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ನಮ್ಮ ಐದು ಸಣ್ಣ ಕಾರುಗಳು ಸೊನ್ನೆ ಸ್ಟಾರ್ ತಗೊಂಡಿದ್ದು ನೆನೆದ್ರೆ ದೊಡ್ಡ ಹೆಜ್ಜೆಯೇ. ಆದರೆ ಅದರ 2023ರ ನಿಯಮದಲ್ಲಿ ಪಕ್ಕಕ್ಕೆ ಗುದ್ದೋ ಬಂಡಿಯ ತೂಕ 950 ಕೆಜಿ, ವೇಗ ಗಂಟೆಗೆ 50 ಕಿಮೀ. ಯೂರೋಪಿನ ಎನ್‌ಸಿಎಪಿಯಲ್ಲಿ 2020ರಿಂದ 1400 ಕೆಜಿ, 60 ಕಿಮೀ. ನೀವೇ ಲೆಕ್ಕ ಹಾಕಿ, ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಒಂದೂವರೆ ಟನ್ ದಾಟಿದ ಎಸ್‌ಯುವಿಗಳು ಓಡಾಡೋ ರಸ್ತೆಗೆ 950 ಕೆಜಿ ಯಾವ ಕಾಲದ ಲೆಕ್ಕ? ಅದಿರಿನ ಲಾರಿ, ಭತ್ತದ ಟ್ರ್ಯಾಕ್ಟರಿನ ಮಾತು ಬಿಡಿ, ಅದಕ್ಕೆ ಯಾವ ದೇಶದ ಟೆಸ್ಟೂ ಇಲ್ಲ.

ಇನ್ನು ಕಂಬದ ಪರೀಕ್ಷೆ. ಕಾರನ್ನ ಅಡ್ಡಡ್ಡ 29 ಕಿಮೀ ವೇಗದಲ್ಲಿ ಕಂಬಕ್ಕೆ ಬಡಿಸೋದು. ರಚನೆಯ ನಿಜವಾದ ಬಣ್ಣ ಬಯಲಾಗೋದು ಇಲ್ಲೇ. ಅದಕ್ಕೆ ಅಂಕವೇ ಇಲ್ಲ, ಮೂರು ಸ್ಟಾರ್ ಮತ್ತು ಮೇಲಿನವಕ್ಕೆ ಬರೀ 'ಓಕೆ' ಅಂತ ಒಂದು ಷರಾ. ಕೂದಲೆಳೆಯಲ್ಲಿ ಪಾಸಾದ ಕಾರಿಗೂ ಸಲೀಸಾಗಿ ಪಾಸಾದ ಕಾರಿಗೂ ಒಂದೇ ಓಕೆ. ನಾವು ಟೆಸ್ಟ್ ರಿಪೋರ್ಟನ್ನ ಹೀಗೆ ಬರೆದ್ರೆ ಮ್ಯಾನೇಜರ್ ಬಿಡ್ತಾರಾ?

ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಚುಚ್ಚಬೇಕು. ಸಂಡೂರಿನ ಗುಡ್ಡ ಅಗೆದು ಅದಿರು ತೆಗೀತೀವಿ. ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಕಾರ್ಖಾನೆ ಜಪಾನಿನ ಜೆಎಫ್‌ಇ ಜೊತೆಗಿನ ತಾಂತ್ರಿಕ ಒಪ್ಪಂದದಲ್ಲಿ ಕಾರಿಗಂತಲೇ ಉಕ್ಕಿನ ಹಾಳೆ ಮಾಡುತ್ತೆ. ಧೂಳು ಕುಡಿಯೋರು ನಾವು, ಕಾರಿನೊಳಗೆ ಯಾವ ಉಕ್ಕು ಎಲ್ಲಿದೆ ಅಂತ ಕೇಳೋಕೆ ಮಾತ್ರ ಬರಲ್ಲ.

ಶೋರೂಮಿನಲ್ಲೇ ಫೋನ್ ತೆಗೆದು ಎರಡೂ ಕಾರಿನ ವರದಿ ತೋರಿಸಿದೆ. ಮಾವ ಕನ್ನಡಕ ಏರಿಸಿ, "ಇದಕ್ಕೂ ಮಾರ್ಕ್ಸ್ ಕಾರ್ಡ್ ಐತೇನು?" ಅಂದ್ರು. ಐತೆ ಮಾವ. ಒಟ್ಟು ಸ್ಟಾರ್ ಬಿಡ್ರಿ, ಸೈಡ್ ಟೆಸ್ಟಿಗೆ 16ಕ್ಕೆ ಎಷ್ಟು ನೋಡ್ರಿ, ಕಂಬದ್ದು ಮಾಡ್ಯಾರೋ ಇಲ್ಲೋ ನೋಡ್ರಿ, ನಾವು ತಗೊಳ್ಳೋ ವೇರಿಯಂಟ್‌ನಾಗ ಕರ್ಟನ್ ಏರ್‌ಬ್ಯಾಗ್ ಐತೋ ಕೇಳ್ರಿ. ಮೂರನ್ನೂ ಕೇಳಿದ್ರು. ಸೇಲ್ಸ್ ಹುಡುಗ ಉತ್ತರ ತರೋಕೆ ಒಳಗೆ ಹೋದ. ಅವನು ಬರೋ ತನಕ ಮಾವ ಆ ಬಾಗಿಲ ಹತ್ರವೇ ನಿಂತಿದ್ರು, ಬೆರಳು ಒತ್ತಲಿಲ್ಲ.