ಹವಳದ ದೀಪ: ಅಳತೆ ಯಾವುದರದ್ದು, ಭರವಸೆ ಯಾವುದರದ್ದು?

ಸಮುದ್ರದ ಹವಳಗಳನ್ನು ಗಾಜಿನ ತೊಟ್ಟಿಯಲ್ಲಿ ಬೆಳೆಸಲೆಂದೇ ಮಾರುವ ಎಲ್‌ಇಡಿ ದೀಪವೊಂದರ ಮಾಹಿತಿಪತ್ರವನ್ನು ನೀವು ನೋಡಿದರೆ ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿಗಳು ಕಾಣುತ್ತವೆ. ದೀಪದ ರೋಹಿತದ ನಕ್ಷೆ, ತೊಟ್ಟಿಯ ಬೇರೆ ಬೇರೆ ಬಿಂದುಗಳಲ್ಲಿ ಬೆಳಕಿನ ತೀವ್ರತೆ ತೋರಿಸುವ ಚೌಕುಳಿ ಪಟ್ಟಿ, ಕೆಲ್ವಿನ್ ಮಾನದಲ್ಲಿ ವರ್ಣತಾಪ, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಹವಳದ ಛಾಯಾಚಿತ್ರ. ಇವುಗಳ ಕೆಳಗೆ, ಹವಳದ ಬೆಳವಣಿಗೆಗೆ ಈ ದೀಪ ಶ್ರೇಷ್ಠ ಎಂಬರ್ಥದ ಒಂದು ಸಾಲು. ಮೊದಲ ಮೂರು ದೀಪವನ್ನು ಕುರಿತ ಅಳತೆಗಳು, ನಾಲ್ಕನೆಯದು ಚಿತ್ರ. ಕೊನೆಯ ಸಾಲು ಮಾತ್ರ ಜೀವಿಯೊಂದನ್ನು ಕುರಿತದ್ದು. ದೀಪವನ್ನು ಅಳೆದು ಹವಳದ ಬಗ್ಗೆ ತೀರ್ಮಾನ ಹೇಳುವ ಈ ನೆಗೆತಕ್ಕೆ ತಯಾರಕರು ಎಷ್ಟು ಆಧಾರ ಒದಗಿಸುತ್ತಾರೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಹವಳ ಸಸ್ಯವಲ್ಲ, ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಸಮುದಾಯ. ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಏಕಕೋಶ ಶೈವಲಗಳು ಸಹಜೀವನ ನಡೆಸುತ್ತವೆ. ಜೂಜ್ಯಾಂಥೆಲೆ ಎಂಬುದು ಅವುಗಳ ಹಳೆಯ ಹೆಸರು. ದ್ಯುತಿಸಂಶ್ಲೇಷಣೆಯಿಂದ ಅವು ತಯಾರಿಸುವ ಆಹಾರದ ದೊಡ್ಡ ಪಾಲು ಆತಿಥೇಯ ಪ್ರಾಣಿಗೆ ಸಲ್ಲುತ್ತದೆ. ಸುಣ್ಣದ ಅಸ್ಥಿಪಂಜರ ಬೆಳೆಯುವ ವೇಗವೂ ಬೆಳಕನ್ನು ಅವಲಂಬಿಸಿದೆ. ಶುದ್ಧ ನೀರು ಕೆಂಪನ್ನು ಬೇಗ ಹೀರುತ್ತದೆ, ನೀಲಿಯನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. 650 ನ್ಯಾನೋಮೀಟರ್ ತರಂಗದೂರದಲ್ಲಿ ಅದರ ಹೀರಿಕೆಯ ಗುಣಾಂಕ ಮೀಟರಿಗೆ ಸುಮಾರು 0.34, 450ರಲ್ಲಿ ಕೇವಲ 0.009. ಲೆಕ್ಕ ಹಾಕಿ ನೋಡಿ: 10 ಮೀಟರ್ ಆಳದಲ್ಲಿ ಆ ಕೆಂಪಿನ ಶೇಕಡ 3ರಷ್ಟು ಉಳಿದರೆ ನೀಲಿಯ ಶೇಕಡ 91ರಷ್ಟು ಉಳಿಯುತ್ತದೆ. ಹವಳದ ದೀಪಗಳು ನೀಲಿಯಾಗಿರುವುದಕ್ಕೆ ಹೀಗೆ ನಿಜವಾದ ಆಧಾರವಿದೆ.

ತಯಾರಕರು ಪರೀಕ್ಷೆಯನ್ನೇ ಮಾಡುವುದಿಲ್ಲ ಎಂದರೆ ಅನ್ಯಾಯವಾದೀತು. ಅಕ್ವೇರಿಯಂ ದೀಪಗಳಿಗೆಂದೇ ಐಇಸಿ 60598-2-11 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಉಪ್ಪುನೀರಿನ ಮೇಲೆ ತೂಗುವ ವಿದ್ಯುತ್ ಸಾಧನ ಮನುಷ್ಯನಿಗೆ ಅಪಾಯ ತರಬಾರದು ಎಂಬುದು ಅದರ ಗುರಿ. ಎಲ್‌ಇಡಿ ಚಿಪ್‌ಗಳ ಬಾಳಿಕೆಗೆ ಎಲ್‌ಎಂ-80 ಎಂಬ ವಿಧಾನವಿದೆ. ಅದರ 2008ರ ಆವೃತ್ತಿಯಂತೆ ಚಿಪ್ಪನ್ನು ಕನಿಷ್ಠ 6000 ಗಂಟೆ ಉರಿಸಿ ಬೆಳಕು ಎಷ್ಟು ಕುಗ್ಗಿತೆಂದು ನೋಡಬೇಕು. ಈ ಪರೀಕ್ಷೆ ಸಾಮಾನ್ಯವಾಗಿ ಚಿಪ್ ತಯಾರಕರದ್ದು, ಅದನ್ನು ಕೊಂಡು ದೀಪ ಜೋಡಿಸುವವರದ್ದಲ್ಲ. ಅಂತೂ ಕೈಗೆ ಷಾಕ್ ಹೊಡೆಯದು, ದೀಪ ಬೇಗ ಮಂಕಾಗದು ಎಂಬ ಮಟ್ಟಿಗೆ ಒಳ್ಳೆಯ ದೀಪಗಳು ನಂಬಿಕೆಗೆ ಅರ್ಹ. ಹವಳ ಈ ಯಾವ ಮಾನಕದಲ್ಲೂ ಬರುವುದಿಲ್ಲ.

ವರ್ಣತಾಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೃಷ್ಣಕಾಯವೊಂದು ಯಾವ ಉಷ್ಣತೆಯಲ್ಲಿ ಹೆಚ್ಚುಕಡಿಮೆ ಅದೇ ಬಣ್ಣ ಕೊಟ್ಟೀತು ಎಂಬುದರ ಸೂಚಕ ಅದು. ನಾಲ್ಕಾರು ಕಿರಿದಾದ ಎಲ್‌ಇಡಿ ಪಟ್ಟಿಗಳನ್ನು ಬೆರೆಸಿದ ಬೆಳಕಿಗೆ 20,000 ಕೆಲ್ವಿನ್ ಎಂದು ಬರೆದರೆ ರೋಹಿತದ ಬಗ್ಗೆ ತಿಳಿಯುವುದು ಅತ್ಯಲ್ಪ. ಲ್ಯೂಮೆನ್ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಮನುಷ್ಯನ ಕಣ್ಣಿನ ಸಂವೇದನೆಗೆ ತಕ್ಕ ಮಾನ. 555 ನ್ಯಾನೋಮೀಟರಿನ ಒಂದು ವಾಟ್ ಬೆಳಕು 683 ಲ್ಯೂಮೆನ್ ಆದರೆ 450ರ ಒಂದು ವಾಟ್ ಸುಮಾರು 26 ಲ್ಯೂಮೆನ್ ಮಾತ್ರ. ಫೋಟಾನ್‌ಗಳ ಸಂಖ್ಯೆಯಲ್ಲಾದರೋ ವ್ಯತ್ಯಾಸ ಶೇಕಡ 20ನ್ನು ಮೀರುವುದಿಲ್ಲ. ಒಳ್ಳೆಯ ತಯಾರಕರು ಲ್ಯೂಮೆನ್ ಕೈಬಿಟ್ಟಿರುವುದು ಮೆಚ್ಚತಕ್ಕದ್ದು.

ಅದರ ಬದಲು ಅವರು ಕೊಡುವುದು ‘ಪಾರ್’, ಅಂದರೆ ದ್ಯುತಿಸಂಶ್ಲೇಷಣೆಗೆ ಒದಗುವ ವಿಕಿರಣ. ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ 400ರಿಂದ 700 ನ್ಯಾನೋಮೀಟರ್ ನಡುವಿನ ಎಷ್ಟು ಫೋಟಾನ್‌ಗಳು ಬಿದ್ದವೆಂದು ಎಣಿಸಿ ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಉಷ್ಣವಲಯದ ನಡುಹಗಲಿನಲ್ಲಿ ಸಮುದ್ರದ ಮೇಲ್ಮೈಗೆ ಬೀಳುವುದು ಸುಮಾರು 2000. ಇದು ಭೌತಶಾಸ್ತ್ರಕ್ಕೆ ಒಪ್ಪುವ ಅಳತೆ. ಆದರೆ ಈ ಮಾನದ ಹಿಂದಿನ ಪ್ರಸಿದ್ಧ ಅಧ್ಯಯನವನ್ನು ಮೆಕ್‌ಕ್ರೀ 1972ರಲ್ಲಿ ಪ್ರಕಟಿಸಿದ್ದು 22 ಬೆಳೆ ಸಸ್ಯಗಳ ಎಲೆಗಳನ್ನು ಪರೀಕ್ಷಿಸಿ. ಅವುಗಳಲ್ಲಿ ಹವಳವಿರಲಿಲ್ಲ. ಅಷ್ಟೇ ಅಲ್ಲ, ಹಲವು ಹವಳದ ದೀಪಗಳಲ್ಲಿ 400ಕ್ಕಿಂತ ಕೆಳಗಿನ ನೇರಳಾತೀತ ಎಲ್‌ಇಡಿಗಳೂ ಇರುತ್ತವೆ. ಅವುಗಳ ಬೆಳಕು ಪಾರ್ ಎಣಿಕೆಗೆ ಸೇರುವುದೇ ಇಲ್ಲ.

ಪಾರ್ ಪಟ್ಟಿಯನ್ನು ಓದುವಾಗ ಭೌತಶಾಸ್ತ್ರದ ಅಧ್ಯಾಪಕರು ಇನ್ನೊಂದು ಪ್ರಶ್ನೆ ಕೇಳಬೇಕು: ಅಳೆದದ್ದು ಎಲ್ಲಿ? ಗಾಳಿಯಲ್ಲೋ, ನೀರಿನಲ್ಲೋ, ಎಷ್ಟು ಅಗಲದ ತೊಟ್ಟಿಯಲ್ಲೋ? ನೀರಿನಲ್ಲಿ ಮುಳುಗಿಸಿದ ಸಂವೇದಕ ಕಡಿಮೆ ತೋರಿಸುತ್ತದೆ, ಅದಕ್ಕೆ ತಿದ್ದುಪಡಿ ಬೇಕು. ಇದಕ್ಕಿಂತ ಕುತೂಹಲದ ವಿಷಯ ಗಾಜಿನ ಗೋಡೆಯದು. ಮೇಲಿನಿಂದ ನೀರನ್ನು ಹೊಕ್ಕ ಕಿರಣ ವಕ್ರೀಭವನದಿಂದಾಗಿ ಲಂಬಕ್ಕೆ 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಲಾರದು. ಆ ಕಿರಣ ಲಂಬವಾದ ಪಕ್ಕದ ಗೋಡೆಯನ್ನು ಮುಟ್ಟುವಾಗ ಪತನಕೋನ 41.4 ಡಿಗ್ರಿಗಿಂತ ಕಡಿಮೆಯಾಗಲಾರದು. ನೀರಿನಿಂದ ಗಾಳಿಗೆ ಕ್ರಾಂತಿಕೋನ ಅದೇ 48.6. ನಡುವೆ ಗಾಜು ಇದ್ದರೂ ಸಮಾಂತರ ಹಾಳೆಯಾದ್ದರಿಂದ ಲೆಕ್ಕ ಬದಲಾಗದು. ಹಾಗಾಗಿ ನೀರಿನೊಳಗೆ ಲಂಬಕ್ಕೆ 41.4 ಡಿಗ್ರಿಗಿಂತ ಕಡಿಮೆ ಓರೆಯಿರುವ ಕಿರಣಗಳೆಲ್ಲ ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಒಳಗೇ ಉಳಿಯುತ್ತವೆ. ಗಾಳಿಯ ಕಡೆಯಿಂದ ನೋಡಿದರೆ ದೀಪದಿಂದ ಸುಮಾರು 62 ಡಿಗ್ರಿ ಓರೆಯವರೆಗೆ ಬಂದ ಬೆಳಕು ತೊಟ್ಟಿಯನ್ನು ಬಿಟ್ಟು ಹೋಗುವುದಿಲ್ಲ. ತೊಟ್ಟಿ ಒಂದು ಬೆಳಕಿನ ಕೊಳವೆಯಂತೆ ವರ್ತಿಸುತ್ತದೆ. (ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿ ನೋಡಿ, ಆಪ್ಟಿಕಲ್ ಫೈಬರ್‌ಗಿಂತ ಹತ್ತಿರದ ಉದಾಹರಣೆ.) ಒಳಮೈಯಲ್ಲಿ ಪಾಚಿ ಕಟ್ಟಿದರೆ, ಕಲ್ಲುಗಳನ್ನು ಒಟ್ಟಿದರೆ ಈ ಲಾಭ ಕುಗ್ಗುತ್ತದೆ. ಆದ್ದರಿಂದ ಒಂದೇ ದೀಪ, ಒಂದೇ ಎತ್ತರವಿದ್ದರೂ ಗಾಳಿಯಲ್ಲಿ ಅಳೆದ ಪಟ್ಟಿ, ಸ್ವಚ್ಛವಾದ ಖಾಲಿ ತೊಟ್ಟಿಯ ಪಟ್ಟಿ, ಹವಳ ತುಂಬಿದ ತೊಟ್ಟಿಯ ಪಟ್ಟಿ ಮೂರೂ ಬೇರೆ ಬೇರೆ. ಯಾವುದೆಂದು ಹೇಳದ ಪಟ್ಟಿಯಿಂದ ಎರಡು ಕಂಪನಿಗಳ ದೀಪಗಳನ್ನು ಹೋಲಿಸಲಾಗದು. ಈ ಕೊರತೆಯನ್ನು ಬಹುಕಾಲ ತುಂಬಿದವರು ಹೊರಗಿನವರು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ಸಂಜಯ್ ಜೋಶಿ ಅವರು ಮೊದಲು ಮೆಟಲ್ ಹ್ಯಾಲೈಡ್ ದೀಪಗಳನ್ನು, ಆಮೇಲೆ ಎಲ್‌ಇಡಿಗಳನ್ನು ಒಂದೇ ಕ್ರಮದಲ್ಲಿ ಅಳೆದು ಪ್ರಕಟಿಸಿದ್ದು ಇದಕ್ಕೆ ಮಾದರಿ.

ಇನ್ನು ರೋಹಿತ. ಹಲವು ಜಾಹೀರಾತುಗಳಲ್ಲಿ ದೀಪದ ರೋಹಿತದ ಹಿಂದೆ ಕ್ಲೋರೋಫಿಲ್ ಎ ಮತ್ತು ಬಿಗಳ ಹೀರಿಕೆಯ ವಕ್ರರೇಖೆಗಳನ್ನು ಅಚ್ಚು ಹಾಕಿರುತ್ತಾರೆ. ನೋಡಲು ವೈಜ್ಞಾನಿಕ. ಆದರೆ ಹವಳದ ಶೈವಲಗಳಲ್ಲಿ ಕ್ಲೋರೋಫಿಲ್ ಬಿ ಇಲ್ಲ! ಅವುಗಳಲ್ಲಿರುವುದು ಕ್ಲೋರೋಫಿಲ್ ಎ, ಸಿ2 ಹಾಗೂ ನೀಲಿ-ಹಸಿರು ಬೆಳಕನ್ನು ಹಿಡಿಯುವ ಪೆರಿಡಿನಿನ್. ಬಿ ಇರುವುದು ಹೊಲದ ಪೈರಿನಲ್ಲಿ. ಫೇವಿಯಾ ಹವಳದ ಶೈವಲಗಳು ಯಾವ ತರಂಗದೂರದಲ್ಲಿ ಎಷ್ಟು ದ್ಯುತಿಸಂಶ್ಲೇಷಣೆ ನಡೆಸುತ್ತವೆ ಎಂಬುದನ್ನು ಹಾಲ್ಡಾಲ್ 1968ರಲ್ಲೇ ಅಳೆದು ಪ್ರಕಟಿಸಿದ್ದರು. ಇಷ್ಟು ವರ್ಷಗಳ ನಂತರವೂ ಎಲೆಯ ವಕ್ರರೇಖೆಯನ್ನು ಹವಳಕ್ಕೆ ಅಂಟಿಸುವುದನ್ನು ಅಜಾಗರೂಕತೆ ಎನ್ನದೆ ವಿಧಿಯಿಲ್ಲ.

ಇದು ಬರೀ ಅಕ್ಷರದ ತಪ್ಪಲ್ಲ. 1984ರಲ್ಲಿ ಕಿಂಜೀ, ಜೋಕಿಯೆಲ್ ಮತ್ತು ಯಾರ್ಕ್ ಬಣ್ಣ ಬದಲಿಸಿದ ಬೆಳಕಿನಲ್ಲಿ ಹವಳ ಬೆಳೆಸಿ, ನೀಲಿ ಮತ್ತು ಬಿಳಿ ಬೆಳಕಿನಲ್ಲಿ ಬೆಳವಣಿಗೆ ಹಸಿರು, ಕೆಂಪುಗಳಿಗಿಂತ ಮೇಲೆಂದು ಕಂಡರು. 2014ರಲ್ಲಿ ವೈಗರ್ಡೆ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾದದ್ದು. ಸ್ಟೈಲೋಫೊರಾ ಹವಳದ ತುಂಡುಗಳನ್ನು ಆರು ವಾರ ನೀಲಿ, ಕೆಂಪು, ಎರಡೂ ಅರ್ಧರ್ಧ ಬೆರೆಸಿದ ಬೆಳಕುಗಳಲ್ಲಿ ಇಟ್ಟರು. ಪಾರ್ ಎರಡು ಮಟ್ಟದ್ದು, 128 ಮತ್ತು 256. ನೀಲಿಯಲ್ಲಿ ಹೆಚ್ಚು ತುಂಡುಗಳು ಬದುಕಿದವು. 256ರ ಕೆಂಪಿನಲ್ಲಿ ಬದುಕಿದ್ದು ಕಡಿಮೆ. ಈಗ ಯೋಚಿಸಿ: ಆದರ್ಶ ಪಾರ್ ಮೀಟರಿಗೆ 256ರ ನೀಲಿಯೂ 256ರ ಕೆಂಪೂ ಒಂದೇ ಅಂಕಿ. ಹವಳಕ್ಕೆ ಒಂದರಲ್ಲಿ ಬದುಕು, ಇನ್ನೊಂದರಲ್ಲಿ ಸಾವು. ಪಾರ್ ಪಟ್ಟಿ ಎಷ್ಟೇ ನಿಖರವಾಗಿರಲಿ, ಅದು ಹವಳದ ಪರೀಕ್ಷೆಗೆ ಬದಲಿಯಾಗಲಾರದು.

ಹಾಗಾದರೆ ಹವಳದ ಪರೀಕ್ಷೆ ಕಷ್ಟವೇ? ಅಳತೆಯಂತೂ ಕಷ್ಟವಲ್ಲ. ಆರ್ಕಿಮಿಡೀಸನ ತತ್ತ್ವ ಸಾಕು. ಹವಳದ ತುಂಡನ್ನು ತಕ್ಕಡಿಯ ಕೆಳಗೆ ದಾರದಲ್ಲಿ ಕಟ್ಟಿ ಸಮುದ್ರದ ನೀರಿನಲ್ಲಿ ಮುಳುಗಿಸಿ ತೂಗುತ್ತಾರೆ. ಮೃದು ಅಂಗಾಂಶದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ತಕ್ಕಡಿ ತೋರಿಸುವುದು ಬಹುಪಾಲು ಅಸ್ಥಿಪಂಜರವನ್ನು. ಅದರ ಅರಗೊನೈಟ್ ಖನಿಜದ ಸಾಂದ್ರತೆ 2.93, ಸಮುದ್ರದ ನೀರಿನದು 1.025 ಎಂದಿಟ್ಟುಕೊಂಡರೆ ನೀರಿನಲ್ಲಿ ಸಿಕ್ಕ ತೂಕವನ್ನು 1.54ರಿಂದ ಗುಣಿಸಿದಾಗ ಅಸ್ಥಿಪಂಜರದ ರಾಶಿ ಸಿಗುತ್ತದೆ. ನೀರಿನಲ್ಲಿ 6.5 ಗ್ರಾಂ ಎಂದರೆ 10 ಗ್ರಾಂ ಸುಣ್ಣ. 90 ದಿನಗಳ ಬಳಿಕ ಅದು 13 ಗ್ರಾಂ ಆಯಿತೆನ್ನೋಣ, ದಿನಕ್ಕೆ ಶೇಕಡ 0.29ರ ಬೆಳವಣಿಗೆ. ಪ್ರಾಣಿಯನ್ನು ಕೊಲ್ಲಬೇಕಿಲ್ಲ, ಒಣಗಿಸಬೇಕಿಲ್ಲ. ಜೋಕಿಯೆಲ್ ಮತ್ತಿತರರು 1970ರ ದಶಕದಲ್ಲೇ ಬಳಕೆಗೆ ತಂದ ವಿಧಾನ ಇದು. ಒಳ್ಳೆಯ ತಕ್ಕಡಿಯೊಂದಿದ್ದರೆ ಕಾಲೇಜಿನ ಪ್ರಯೋಗಶಾಲೆಗೂ ಸಾಧ್ಯ.

ಕಷ್ಟವಿರುವುದು ಪ್ರಯೋಗದ ವಿನ್ಯಾಸದಲ್ಲಿ. ಹೊಸ ದೀಪದ ಕೆಳಗೆ ಒಂದು ತೊಟ್ಟಿ, ಹಳೆಯ ದೀಪದ ಕೆಳಗೆ ಇನ್ನೊಂದು ತೊಟ್ಟಿ, ಒಂದೊಂದರಲ್ಲೂ ಇಪ್ಪತ್ತು ತುಂಡುಗಳು. ಇಪ್ಪತ್ತು ಮಾದರಿಗಳಿವೆ ಎಂದು ನಿಮಗೆ ಅನ್ನಿಸಬಹುದು. ದೀಪದ ಮಟ್ಟಿಗೆ ಮಾದರಿ ಒಂದೊಂದೇ, ಏಕೆಂದರೆ ಒಂದು ತೊಟ್ಟಿಯ ಎಲ್ಲ ತುಂಡುಗಳಿಗೂ ಉಷ್ಣತೆ, ನೀರಿನ ಕ್ಷಾರತೆ, ಹರಿವು, ಆಹಾರ ಎಲ್ಲವೂ ಸಮಾನ. ವ್ಯತ್ಯಾಸ ಕಂಡರೆ ಅದು ದೀಪದ್ದೋ ತೊಟ್ಟಿಯದ್ದೋ ಎಂದು ಬೇರ್ಪಡಿಸಲು ದಾರಿಯಿಲ್ಲ. ಹರ್ಲ್‌ಬರ್ಟ್ 1984ರಲ್ಲಿ ಪರಿಸರ ವಿಜ್ಞಾನಿಗಳ ಇಂಥ ಪ್ರಯೋಗಗಳನ್ನು ಕಟುವಾಗಿ ವಿಮರ್ಶಿಸಿ ಇದನ್ನು ಮಿಥ್ಯಾ ಪುನರಾವರ್ತನೆಯೆಂದು ಗುರುತಿಸಿದ್ದರು. ದೀಪವೊಂದಕ್ಕೆ ಮೂರು ನಾಲ್ಕು ಸ್ವತಂತ್ರ ತೊಟ್ಟಿಗಳು, ಯಾವ ತೊಟ್ಟಿಗೆ ಯಾವ ದೀಪ ಎಂಬುದಕ್ಕೆ ಚೀಟಿ ಎತ್ತುವುದು, ಪಾರ್ ಸಮ ಮಾಡುವುದು, ಹೊಸ ಬೆಳಕಿಗೆ ಹೊಂದಿಕೊಳ್ಳಲು ಹವಳಕ್ಕೆ ಕೆಲವು ವಾರ ಕೊಡುವುದು, ತೂಗುವವರಿಗೆ ದೀಪದ ಹೆಸರು ಗೊತ್ತಿಲ್ಲದಿರುವುದು. ಇಷ್ಟಿದ್ದರೆ ಪ್ರಯೋಗ ಎನ್ನಬಹುದು.

ಕೆಲವು ಕಂಪನಿಗಳು ಹವಳವನ್ನು ಸಾಕುತ್ತವೆ, ನಿಜ. ಅಮೆರಿಕದ ಇಕೋಟೆಕ್ ಮರೀನ್ ‘ಕೋರಲ್ ಲ್ಯಾಬ್’ ಎಂಬ ಹೆಸರಿನಲ್ಲಿ ತನ್ನದೇ ತೊಟ್ಟಿಗಳನ್ನು ಇಟ್ಟುಕೊಂಡು ದೀಪದ ಹೊಂದಿಕೆಗಳನ್ನು ಸೂಚಿಸಿದೆ. ಏನನ್ನೂ ಸಾಕದೆ ಚಿತ್ರ ಅಚ್ಚುಹಾಕುವವರಿಗಿಂತ ಇದು ಮೇಲು. ಆದರೆ ಈ ಉದ್ಯಮದಲ್ಲಿ ಒಟ್ಟಾರೆ ಗ್ರಾಹಕನ ಕೈಗೆ ಬರುವುದು ಶಿಫಾರಸು ಮತ್ತು ಚಿತ್ರ. ಎಷ್ಟು ತೊಟ್ಟಿ, ಯಾವ ಪ್ರಭೇದ, ಮೊದಲ ತೂಕ, ಕೊನೆಯ ತೂಕ, ಸತ್ತವು ಎಷ್ಟು ಎಂಬ ಕೋಷ್ಟಕ ಅಪರೂಪ. ಚಿತ್ರವನ್ನಂತೂ ಸಾಕ್ಷ್ಯವೆಂದು ಒಪ್ಪುವಂತಿಲ್ಲ. ಹವಳದ ಹಸಿರು ಹೊಳಪು ಪ್ರತಿದೀಪ್ತಿ ಪ್ರೋಟೀನುಗಳದ್ದು. ನೀಲಿ ಬೆಳಕು ಬಿದ್ದೊಡನೆ ಅವು ಹೊಳೆಯುತ್ತವೆ. ಈ ಪ್ರೋಟೀನುಗಳ ತಯಾರಿಕೆಯನ್ನೂ ನೀಲಿ ಬೆಳಕು ಪ್ರಚೋದಿಸುತ್ತದೆಂದು ಡಿ’ಏಂಜೆಲೊ, ವೀಡೆನ್‌ಮನ್ ಮತ್ತಿತರರು 2008ರಲ್ಲಿ ತೋರಿಸಿದ್ದಾರೆ. ಹೊಳಪು ಹೆಚ್ಚಾಯಿತೆಂದರೆ ಬೆಳವಣಿಗೆ ಹೆಚ್ಚಾಯಿತೆಂದಲ್ಲ.

ತಯಾರಕರ ಕಡೆಗೂ ಒಂದು ಮಾತಿದೆ. ಹವಳ ನಿಧಾನವಾಗಿ ಬೆಳೆಯುತ್ತದೆ, ದೀಪದ ಮಾದರಿಗಳು ಬೇಗ ಬದಲಾಗುತ್ತವೆ, ಬಳಕೆದಾರ ತನಗೆ ಬೇಕಾದಂತೆ ಬಣ್ಣ ತಿರುಗಿಸಿಕೊಳ್ಳುತ್ತಾನೆ. ಎಲ್ಲ ಹೊಂದಿಕೆಗಳನ್ನೂ ಪರೀಕ್ಷಿಸಲಾಗದು. ಒಪ್ಪೋಣ. ಆದರೆ ಶಿಫಾರಸು ಮಾಡುವ ಒಂದು ಹೊಂದಿಕೆಯನ್ನಾದರೂ ಎರಡು ಮೂರು ಪ್ರಭೇದಗಳ ಮೇಲೆ ಆರು ತೊಟ್ಟಿಗಳಲ್ಲಿ ಮೂರು ತಿಂಗಳು ಪರೀಕ್ಷಿಸುವುದು ದುಬಾರಿ ದೀಪ ಮಾರುವವರಿಗೆ ಹೊರೆಯಲ್ಲ. ಅಡ್ಡಿ ಬೇರೆಯದಿರಬಹುದೆಂದು ನನ್ನ ಗುಮಾನಿ. ನೀಲಿ ಪ್ರಧಾನವಾದ ಯಾವುದೇ ಒಳ್ಳೆಯ ದೀಪ, ಪಾರ್ ಸಮವಾಗಿದ್ದರೆ, ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತದೆಂದು ಪರೀಕ್ಷೆಯಲ್ಲಿ ಹೊರಬಿದ್ದರೆ ಜಾಹೀರಾತಿನಲ್ಲಿ ಏನು ಬರೆಯುವುದು?

ನಮ್ಮ ದೇಶದಲ್ಲಿ ಈ ಪರೀಕ್ಷೆಯನ್ನು ಶಾಲೆ, ಮನೆಗಳಲ್ಲಿ ಮಾಡುವಂತಿಲ್ಲ. ಕಲ್ಲುಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಮುರ್ಡೇಶ್ವರದ ಆಚೆಯ ನೇತ್ರಾಣಿಯ ಹವಳಗಳನ್ನು ನೀರಿನಲ್ಲೇ ನೋಡಿ ಬರಬೇಕು. ವಿನ್ಯಾಸ ಕಲಿಯಲು ಕೆರೆಯ ಹೈಡ್ರಿಲ್ಲಾ ಸಾಕು. ನೀಲಿ ಎಲ್‌ಇಡಿಗೆ ಮೂರು ಜಾಡಿ, ಕೆಂಪಿಗೆ ಮೂರು ಜಾಡಿ ಇಟ್ಟು ಗುಳ್ಳೆ ಎಣಿಸಬಹುದು. ಫಲಿತಾಂಶ ಹವಳಕ್ಕೆ ಅನ್ವಯಿಸದು, ಹೈಡ್ರಿಲ್ಲಾದಲ್ಲಿ ಕ್ಲೋರೋಫಿಲ್ ಬಿ ಇದೆ. ಬೆಳಕನ್ನು ಸಮ ಮಾಡಲು ಮಾತ್ರ ಲಕ್ಸ್ ಮೀಟರ್ ಬಳಸಬೇಡಿ. ಸಿಲಿಕಾನ್ ಫೋಟೋಡಯೋಡ್ ತೆಗೆದುಕೊಂಡು, ಅದರ ಮಾಹಿತಿಪತ್ರದಲ್ಲಿ ಆಯಾ ತರಂಗದೂರಕ್ಕೆ ಕೊಟ್ಟಿರುವ ಸಂವೇದನೆಯಿಂದ ಫೋಟಾನ್ ಲೆಕ್ಕ ಹಾಕಿ. 450 ಮತ್ತು 650 ನ್ಯಾನೋಮೀಟರಿನ ದೀಪಗಳನ್ನು ಲಕ್ಸ್‌ನಲ್ಲಿ ಸಮ ಮಾಡಿದರೆ ನೀಲಿ ಜಾಡಿಗೆ ಸುಮಾರು ಎರಡು ಪಟ್ಟು ಫೋಟಾನ್‌ಗಳು ಬಿದ್ದಿರುತ್ತವೆ.