72 ಗಂಟೆ, ಎಷ್ಟು ಡಿಗ್ರಿ?

ಬೆಂಗಳೂರಿನ ಅಲ್ಲಾಳಸಂದ್ರ ಕೆರೆಯ ಆಸುಪಾಸಿನಲ್ಲಿ ಈಗ ಎರಡು ಜಾತಿಯ ಕಾಫಿ ಸಿಗುತ್ತದೆ. ಒಂದು ದರ್ಶಿನಿಯದು. ಅದರ ಬೀಜ ಯಾವ ತೋಟದ್ದೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಇನ್ನೊಂದು ಗಾಜಿನ ಗೋಡೆಯ ಕೆಫೆಗಳ ಕಪಾಟಿನಲ್ಲಿ ಕಾಲು ಕೆ.ಜಿ. ಪೊಟ್ಟಣವಾಗಿ ನಿಂತಿರುತ್ತದೆ. ಅದಕ್ಕೆ ಹೇಳುವುದೇ ಕೆಲಸ. ತೋಟದ ಹೆಸರು, ಸಮುದ್ರಮಟ್ಟದಿಂದ ಎತ್ತರ, ಗಿಡದ ತಳಿ, ಹುಡುಕಿದರೆ ನಾಲಿಗೆಗೆ ಸಿಗಬಹುದಾದ ಹಣ್ಣುಗಳ ಪಟ್ಟಿ, ಇವೆಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ 'ಅನೇರೋಬಿಕ್ ಫರ್ಮೆಂಟೇಶನ್, 72 ಗಂಟೆ', ಅಂದರೆ ಗಾಳಿ ತಾಗದಂತೆ ಮುಚ್ಚಿಟ್ಟ ಹುದುಗುವಿಕೆ. ಬೆಲೆ ಏರಿರುವುದು ಬಹುಪಾಲು ಈ ಕೊನೆಯ ಸಾಲಿನಿಂದ. ವಿಮರ್ಶೆಗೆ ಒಳಗಾಗಬೇಕಾದದ್ದೂ ಅದೇ ಸಾಲು.

72 ಗಂಟೆ ಸರಿ, ಎಷ್ಟು ಡಿಗ್ರಿಯಲ್ಲಿ? ನಾನು ಕೊಂಡ ಪೊಟ್ಟಣಗಳಲ್ಲಿ ಬಹುಪಾಲು ಅದನ್ನು ಹೇಳಿಲ್ಲ. ಡಿಗ್ರಿ ಇಲ್ಲದ ಗಂಟೆಗೆ ಅರ್ಥವೇ ಇಲ್ಲ. ಹಣ್ಣಿನ ಸಿಪ್ಪೆ ಸುಲಿದಾಗ ಬೀಜಕ್ಕೆ ಅಂಟಿಕೊಂಡಿರುವ ಲೋಳೆ ಪೆಕ್ಟಿನ್ ಮತ್ತು ಸಕ್ಕರೆಯ ಮಿಶ್ರಣ. ಅದನ್ನು ಕರಗಿಸುವುದು ಹಣ್ಣಿನದೇ ಕಿಣ್ವಗಳು, ಯೀಸ್ಟ್‌ಗಳು, ಹಾಲನ್ನು ಮೊಸರು ಮಾಡುವ ಕುಲಕ್ಕೆ ಸೇರಿದ ಬ್ಯಾಕ್ಟೀರಿಯಾಗಳು. ಇವು ಗಡಿಯಾರ ನೋಡಿ ಕೆಲಸ ಮಾಡುವಂಥವಲ್ಲ. ಬಿಸಿ 10 ಡಿಗ್ರಿ ಏರಿದರೆ ಕೆಲಸದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಡಿಸೆಂಬರಿನಲ್ಲಿ ಯಲಹಂಕದ ಅಡುಗೆಮನೆಯಲ್ಲಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಿಗೆ ಉಬ್ಬದೆ ಕೂತಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಮಗಳೂರಿನ ಬೆಟ್ಟದ ತೋಟದಲ್ಲಿ ಡಿಸೆಂಬರಿನ ರಾತ್ರಿಯ ಚಳಿಗೆ ಮೂರು ದಿನ ಇಟ್ಟ ಹಣ್ಣು ಒಂದು ವಸ್ತು; ಫೆಬ್ರವರಿಯ ಬಿಸಿಲಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಮೂರು ದಿನ ಇಟ್ಟ ಹಣ್ಣು ಪೂರಾ ಬೇರೆ ವಸ್ತು. ಪೊಟ್ಟಣದ ಮೇಲೆ ಮಾತ್ರ ಎರಡಕ್ಕೂ ಒಂದೇ ಸಾಲು.

ಹಳೆಯ ಪದ್ಧತಿಯಲ್ಲಿ ಈ ತೊಡಕು ಬೇರೆ ರೀತಿಯಲ್ಲಿ ಬಗೆಹರಿದಿತ್ತು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬಂದ ಬೀಜವನ್ನು ಸಿಮೆಂಟ್ ತೊಟ್ಟಿಗೆ ಬಿಟ್ಟರೆ ಅರೇಬಿಕಾಕ್ಕೆ 24ರಿಂದ 36 ಗಂಟೆ, ರೊಬಸ್ಟಾಕ್ಕೆ ಅದಕ್ಕಿಂತ ಹೆಚ್ಚು ಎಂಬ ಅಂದಾಜು ಇತ್ತು. ಆದರೆ ತೊಳೆಯುವ ಹೊತ್ತನ್ನು ನಿಶ್ಚಯಿಸುತ್ತಿದ್ದದ್ದು ಮೇಸ್ತ್ರಿಯ ಕೈ. ಒಂದು ಹಿಡಿ ಬೀಜ ತೆಗೆದು ನೀರಲ್ಲಿ ಉಜ್ಜಿದಾಗ ಜಾರಿದರೆ ಇನ್ನೂ ಆಗಿಲ್ಲ, ಕರಕರ ಎಂದರೆ ಆಗಿದೆ. ತೊಟ್ಟಿಯ ರಾಶಿಗೆ ಕೋಲು ಚುಚ್ಚಿ ಎಳೆದಾಗ ತೂತು ಮುಚ್ಚಿಕೊಳ್ಳದೆ ನಿಂತರೂ ಅದೇ ಅರ್ಥ. ಇದನ್ನು ಹಿಂದುಳಿದ ವಿಧಾನ ಎಂದು ನಗುವವರಿದ್ದಾರೆ. ನನ್ನ ಎಣಿಕೆಯಲ್ಲಿ ಇದು ಗಡಿಯಾರಕ್ಕಿಂತ ಎಷ್ಟೋ ಮುಂದಿದೆ. ಚಳಿಯಿದ್ದರೆ ಕರಕರ ತಡವಾಗಿ ಬರುತ್ತದೆ, ಸೆಕೆಯಿದ್ದರೆ ಬೇಗ ಬರುತ್ತದೆ. ಥರ್ಮಾಮೀಟರ್ ಇಲ್ಲದೆಯೇ ತಾಪಮಾನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೂ ದೋಷ ಇದೆ: ಕೆಲಸ ಮುಗಿಯಿತೆಂದು ಅದು ಹೇಳಬಲ್ಲದು, ಮುಗಿಯುವ ಮುನ್ನ ಏನೇನಾಯಿತೆಂದು ಹೇಳಲಾರದು. ಯಾವ ಹೊತ್ತಿಗೆ ಮುಗಿಯಬೇಕೆಂಬುದೂ ಅದರ ಹಿಡಿತದಲ್ಲಿಲ್ಲ. ನಡುರಾತ್ರಿ ಕರಕರ ಬಂದು, ಆಳುಗಳು ಬರುವ ಹೊತ್ತಿಗೆ ಬೆಳಗಿನ ಎಂಟಾದರೆ, ಆ ಎಂಟು ಗಂಟೆಗಳಲ್ಲಿ ಹುಳಿ ಕೊಳೆತದ ಕಡೆ ವಾಲುತ್ತದೆ. ಒಣಗಿದ ಬೀಜವನ್ನು ಸುಲಿದು ದರ್ಜೆ ಮಾಡುವ ಕ್ಯೂರಿಂಗ್‌ನವರು 'ಸ್ಟಿಂಕರ್' ಎಂದು ಕರೆಯುವ ಬೀಜ ಹುಟ್ಟುವ ಒಂದು ದಾರಿ ಇದು. ಒಂದು ಮೂಟೆಯಲ್ಲಿ ಅಂಥ ನಾಲ್ಕು ಬೀಜ ಇದ್ದರೆ ಆ ನಾಲ್ಕು ಬಿದ್ದ ಬಟ್ಟಲು ಚೆಲ್ಲಬೇಕಾಗುತ್ತದೆ.

ಮುಚ್ಚಿದ ತೊಟ್ಟಿಯ ವಿದ್ಯೆ ಬಂದದ್ದು ದ್ರಾಕ್ಷಾರಸದ ಕಡೆಯಿಂದ. 2015ರ ವಿಶ್ವ ಬರಿಸ್ತಾ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಸಾಶಾ ಸೆಸ್ಟಿಕ್ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಹುದುಗಿಸಿದ ಕಾಫಿಯಿಂದ ಗೆದ್ದರು. ಆಮೇಲೆ ಕಾಫಿ ಬೆಳೆಯುವ ದೇಶಗಳಲ್ಲೆಲ್ಲ ಡ್ರಮ್ಮುಗಳಿಗೆ ಬೇಡಿಕೆ ಬಂತು. ನಮ್ಮಲ್ಲಿ ಬಾಬಾಬುಡನ್‌ಗಿರಿ ಸೀಮೆಯ ರತ್ನಗಿರಿ, ಆಲ್ದೂರಿನ ಕೆರೆಹಕ್ಲು ಮೊದಲಾದ ತೋಟಗಳು ಇದನ್ನು ಗಂಭೀರವಾಗಿ ಮಾಡಿ ಹೆಸರು ಗಳಿಸಿವೆ. ಅವುಗಳ ಯಶಸ್ಸು ಡ್ರಮ್ಮಿನದಲ್ಲ, ಶಿಸ್ತಿನದು ಎಂಬುದನ್ನು ಅನುಕರಿಸುವವರು ಮರೆಯುತ್ತಾರೆ.

ಪದ್ಧತಿಯ ಗುಣವನ್ನು ಗುಣವೆಂದೇ ಹೇಳಬೇಕು. ವಿನಿಗರ್ ಹುಳಿ ತರುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕು. ಮುಚ್ಚಳ ಬಿಗಿದು, ಒಳಗಿನ ಅನಿಲ ಹೊರಹೋಗಲು ಮಾತ್ರ ಒಂದು ಕವಾಟ ಬಿಟ್ಟರೆ ಅವು ಸುಮ್ಮನಾಗುತ್ತವೆ. ಇಡೀ ಹಣ್ಣನ್ನೇ ಹುದುಗಿಸಿ ಒಣಗಿಸುವುದಾದರೆ ಪಲ್ಪರ್‌ಗೆ, ತೊಳೆಯುವುದಕ್ಕೆ ಬೇಕಾದ ನೀರೂ ಉಳಿಯುತ್ತದೆ. ಪಲ್ಪಿಂಗ್ ಹೊಲಸು ಸೇರಿದ ಮಲೆನಾಡಿನ ಹಳ್ಳದ ನಾತ ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಉಕ್ಕಿನ ತೊಟ್ಟಿಯ ಸುತ್ತ ತಣ್ಣೀರು ಹರಿಸಿ ಒಳಗಿನ ರಾಶಿಯನ್ನು ಒಂದೇ ಹದದ ತಂಪಿನಲ್ಲಿ ಹಿಡಿದರೆ, ಹೋದ ವಾರದ ರುಚಿ ಈ ವಾರವೂ ಬರುತ್ತದೆ. ಹಳೆಯ ಮೇಸ್ತ್ರಿಯ ಕೈಗೆ ಆಗದಿದ್ದದ್ದು ಇದೇ.

ಆದರೆ ಮುಚ್ಚಳ ಬಿಗಿದ ಮೇಲೆ ಕೈ ಹಾಕುವಂತಿಲ್ಲ. ಕರಕರ ಕೇಳಿಸುವುದಿಲ್ಲ. ಅಂದಮೇಲೆ ಒಳಗಿನ ಬಿಸಿ ಎಷ್ಟು, ಹುಳಿಯ ಪಿಎಚ್ ಎಲ್ಲಿಗೆ ಇಳಿದಿದೆ ಎಂದು ಅಳೆಯುವುದು ಐಚ್ಛಿಕವಲ್ಲ, ಅದೇ ಪದ್ಧತಿಯ ಪ್ರಾಣ. ಅಳತೆ ಬಿಟ್ಟು ಡ್ರಮ್ಮನ್ನು ಮಾತ್ರ ತಂದುಕೊಂಡರೆ ಹಳೆಯ ಕೈಯೂ ಹೋಯಿತು, ಹೊಸ ಕಣ್ಣೂ ಬರಲಿಲ್ಲ. ಡ್ರಮ್ಮಿನ ನಡುಮಧ್ಯದ ಹಣ್ಣು ಅಂಚಿನ ಹಣ್ಣಿಗಿಂತ ಬಿಸಿಯಾಗಿರುತ್ತದೆ, ಏಕೆಂದರೆ ಹುದುಗುವಿಕೆಯೇ ಶಾಖ ಹುಟ್ಟಿಸುತ್ತದೆ. ಹೀಗೆ ಒಂದೇ ಪೊಟ್ಟಣದಲ್ಲಿ ಎರಡು ಮೂರು ಬಗೆಯ ಕಾಫಿ ಸೇರಿಕೊಂಡು, ಒಂದು ದಿನ ಅನಾನಸ್, ಮಾರನೆಯ ದಿನ ಮದ್ಯದಂಗಡಿಯ ವಾಸನೆ ಬರುತ್ತದೆ. ಇದಕ್ಕೆ 'ಫಂಕಿ' ಎಂಬ ಬಿರುದು ಕೊಟ್ಟು ದೋಷವನ್ನೇ ಗುಣವಾಗಿ ಮಾರುವ ಚಾಳಿ ನನಗೆ ಹಿಡಿಸದು.

ಇನ್ನೊಂದು ತಕರಾರು ಇದಕ್ಕಿಂತ ಆಳದ್ದು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಮಣ್ಣು, ನೆರಳು, ಎತ್ತರಗಳಿಂದ ಇಲ್ಲಿಯದೇ ಆದ ರುಚಿಯಿದೆ ಎಂಬುದು ಆ ಮಾನ್ಯತೆಯ ತಳಹದಿ. ಅದೇ ಹೊತ್ತಿಗೆ ನಾವು ಹಿಡಿದ ಪದ್ಧತಿ, ಅತಿಗೆ ಹೋದಾಗ, ಮೊದಲು ಒರೆಸಿಹಾಕುವುದೇ ಇಲ್ಲಿಯ ರುಚಿಯನ್ನು. ಅತಿಯಾಗಿ ಹುದುಗಿಸಿದ ಚಿಕ್ಕಮಗಳೂರು ಕಾಫಿಗೂ ಅತಿಯಾಗಿ ಹುದುಗಿಸಿದ ಕೊಲಂಬಿಯಾ ಕಾಫಿಗೂ ನನ್ನ ನಾಲಿಗೆ ವ್ಯತ್ಯಾಸ ಕಂಡಿಲ್ಲ. ಎರಡೂ ಅದೇ ಜಾಮಿನ ಸೀಸೆ. ದಾಲ್ಚಿನ್ನಿ, ಹಣ್ಣಿನ ರಸಗಳನ್ನೇ ಡ್ರಮ್ಮಿಗೆ ಹಾಕುವವರ ವಿಷಯ ಇಲ್ಲಿ ಎತ್ತುವುದೇ ಬೇಡ.

ಡ್ರಮ್ಮಿಗೆ ಇಷ್ಟೆಲ್ಲ ಹೊಗಳಿಕೆ ಸಲ್ಲುವಾಗ ಬಟ್ಟಲಿನ ಹಣೆಬರಹ ಬರೆಯುವ ತಾಪಮಾನ ಬೇರೆಡೆ ಇರುತ್ತದೆ. ಮೊದಲನೆಯದು ಗೋಣಿಚೀಲ. ಬೆಳಿಗ್ಗೆ ಕುಯ್ದ ಹಣ್ಣನ್ನು ಸಂಜೆಯವರೆಗೆ ಚೀಲದಲ್ಲಿ ಒತ್ತಿ ತುಂಬಿಟ್ಟು, ಅಳತೆ ಮುಗಿದು, ಜೀಪು ಬಂದು, ಪಲ್ಪರ್‌ಗೆ ಕರೆಂಟು ಬರುವ ಹೊತ್ತಿಗೆ ಚೀಲದ ನಡುವೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಹಣ್ಣು ಉಸಿರಾಡುತ್ತಿದೆ; ಯಾರೂ ಬಯಸದ, ಯಾರೂ ಅಳೆಯದ ಹುದುಗುವಿಕೆ ಆಗಲೇ ಶುರುವಾಗಿದೆ. ಕುಯ್ದ ದಿನವೇ ಪಲ್ಪ್ ಮಾಡಬೇಕೆಂಬ ಕಾಫಿ ಮಂಡಳಿಯ ಹಳೆಯ ಬುದ್ಧಿವಾದದ ಹಿಂದಿರುವ ಕಾರಣ ಇದು. ಅದನ್ನು ಪಾಲಿಸಲು ಉಕ್ಕಿನ ತೊಟ್ಟಿ ಬೇಕಿಲ್ಲ, ನೆರಳಲ್ಲಿ ಹಣ್ಣನ್ನು ತೆಳ್ಳಗೆ ಹರವಲು ಒಂದಿಷ್ಟು ಜಾಗ ಬೇಕು.

ಎರಡನೆಯದು ಕಣ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತೊಳೆದ ಪಾರ್ಚ್‌ಮೆಂಟಿನಲ್ಲಿ, ಅಂದರೆ ಒಳಸಿಪ್ಪೆ ಇನ್ನೂ ಇರುವ ಬೀಜದಲ್ಲಿ, ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಅದು ಶೇ. 10ಕ್ಕೆ ಇಳಿಯಬೇಕು, ಒಳ್ಳೆಯ ಬಿಸಿಲಿದ್ದರೆ ವಾರ, ಹತ್ತು ದಿನ. ಸಿಮೆಂಟ್ ಕಣ ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಬ್ರೆಜಿಲ್‌ನ ಲಾವ್ರಾಸ್ ವಿಶ್ವವಿದ್ಯಾಲಯದ ಅಧ್ಯಯನಗಳು ತೋರಿಸಿದಂತೆ ಬೀಜದ ಬಿಸಿ 40 ಡಿಗ್ರಿಯ ಸುತ್ತ ಇರುವವರೆಗೆ ಜೀವಕೋಶಗಳ ಪೊರೆ ಉಳಿಯುತ್ತದೆ. 60ಕ್ಕೆ ಹೋದರೆ ಹರಿಯುತ್ತದೆ, ಒಳಗಿನ ಎಣ್ಣೆ ಸೋರುತ್ತದೆ. ಹಾಗೆ ಸೋರಿದ ಬೀಜ ಮೊದಲ ತಿಂಗಳು ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಬೇಗ ಮುದಿಯಾಗುತ್ತದೆ. ಕಾಫಿ ಬೀಜ ಒಣಗುವಾಗಲೂ ಬದುಕಿರುತ್ತದೆ. ಹುದುಗುವಾಗ, ಒಣಗುವಾಗ ಅದು ಮೊಳಕೆಯೊಡೆಯುವ ಸಿದ್ಧತೆಯನ್ನೂ ಶುರುಮಾಡಿರುತ್ತದೆ ಎಂದು ಜರ್ಮನಿಯ ಬ್ರೌನ್‌ಶ್ವೈಗ್‌ನ ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಿರುವಾಗ ಅದನ್ನು ಹುರಿಯುವ ಮೊದಲೇ ಕಣದಲ್ಲಿ ಹುರಿದರೆ ಡ್ರಮ್ಮಿನ ಮೂರು ದಿನದ ತಂಪು ಯಾರಿಗೆ ಉಪಕಾರವಾಯಿತು?

ಉಪಾಯಗಳು ಹಳೆಯವೇ. ತೆಳ್ಳಗೆ ಹರವಿ ಆಗಾಗ ಕೈಯಾಡಿಸುವುದು, ನೆತ್ತಿಯ ಬಿಸಿಲಿಗೆ ಮುಚ್ಚುವುದು, ರಾತ್ರಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವುದು, ಆಗುವುದಾದರೆ ನೆಲದಿಂದ ಎತ್ತರದ ಜಾಲರಿ ಮಂಚದ ಮೇಲೆ ಒಣಗಿಸುವುದು. ಇವೆಲ್ಲ ಆಳು ಬೇಡುವ ಕೆಲಸಗಳು. ಆಳಿನ ಕೂಲಿಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲು ಬರುವುದಿಲ್ಲ. 2021ರ ಜನವರಿಯಂತೆ ಕುಯ್ಲಿನ ನಡುವೆ ಮಳೆ ಸುರಿದರಂತೂ ಟಾರ್ಪಾಲಿನಡಿ ಮುಗ್ಗಿದ ರಾಶಿಯೇ ತಾನಾಗಿ ಹುದುಗಲು ತೊಡಗುತ್ತದೆ. ಆಗ ಬೆಳೆಗಾರನಿಗೆ ಬೇಕಾದದ್ದು ಹದವಾದ ಶಾಖದ ಡ್ರೈಯರ್. ಸಣ್ಣ ಹಿಡುವಳಿಯವರೇ ತುಂಬಿರುವ ಈ ಬೆಳೆಯಲ್ಲಿ ನಾಲ್ಕಾರು ಮನೆಯವರು ಸೇರಿ ಒಂದು ಡ್ರೈಯರ್ ಇಟ್ಟುಕೊಂಡರೆ ಆಗುವ ಗುಣ, ಮನೆಗೊಂದು ಡ್ರಮ್ಮಿನಿಂದ ಆಗದು.

ಮೂರನೆಯದು ಕ್ಯೂರಿಂಗ್ ವರ್ಕ್ಸ್ ಮತ್ತು ಗೋದಾಮು. ಚಿಕ್ಕಮಗಳೂರು, ಹಾಸನ, ಹುಣಸೂರು, ಕುಶಾಲನಗರಗಳ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಪಾರ್ಚ್‌ಮೆಂಟ್ ಸುಲಿದು, ಜರಡಿ ಹಿಡಿದು, ದರ್ಜೆಯಾಗಿ ಬೇರ್ಪಡಿಸಿ, ಕೊನೆಗೆ ಹೆಣ್ಣುಮಕ್ಕಳು ಕೈಯಿಂದ ಕೆಟ್ಟ ಬೀಜ ಆರಿಸುತ್ತಾರೆ. ಸುಲಿಯುವ ಯಂತ್ರ ತಿಕ್ಕಾಟಕ್ಕೆ ಬಿಸಿಯೇರಿದರೆ ಬೀಜದ ಬಣ್ಣ ಮಾಸುತ್ತದೆ. ಆಮೇಲೆ ಸಿಪ್ಪೆಯ ರಕ್ಷಣೆಯಿಲ್ಲದ ಹಸಿ ಬೀಜ ಬೆಂಗಳೂರಿಗೆ ಬಂದು, ಏಪ್ರಿಲ್ ಬಿಸಿಲಿನಲ್ಲಿ ಶೀಟ್ ಛಾವಣಿಯಡಿ ಕೂರುತ್ತದೆ. ಪೊಟ್ಟಣದಲ್ಲಿ ಹುರಿದ ದಿನಾಂಕ ಇರುತ್ತದೆ. ಸುಲಿದ ದಿನಾಂಕ ಇರುವುದಿಲ್ಲ, ಕುಯ್ದ ತಿಂಗಳೂ ಅಪರೂಪ.

ಇದಕ್ಕೆಲ್ಲ ಅಡ್ಡಡ್ಡವಾಗಿ ನಿಲ್ಲುವ ಒಂದು ಕ್ಯೂರಿಂಗ್ ನಮ್ಮಲ್ಲೇ ಇದೆ ಎಂಬುದು ಸೋಜಿಗ. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಕಡಲಗಾಳಿ ಕುಡಿದು ಉಬ್ಬಿ ಬಿಳಿಚಿದ ಕಾಫಿಯ ರುಚಿಗೆ ಯುರೋಪಿನವರು ಒಗ್ಗಿಹೋದರು. ಹಡಗುಗಳು ವೇಗವಾದ ಮೇಲೆ ಆ ರುಚಿಯನ್ನು ಮಂಗಳೂರಿನ ಗೋದಾಮುಗಳಲ್ಲೇ ತಯಾರಿಸಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ನೆಲಕ್ಕೆ ಹರವಿ, ಕೈಯಾಡಿಸಿ, ಸಡಿಲವಾಗಿ ಚೀಲಕ್ಕೆ ತುಂಬಿ, ಮತ್ತೆ ಸುರಿದು ತೇವ ಕುಡಿಸುತ್ತಾರೆ. ಅದೇ ಮಾನ್ಸೂನ್ಡ್ ಮಲಬಾರ್. ಹುಳಿ ಇಳಿದು, ಮಣ್ಣಿನ, ಹಳೆ ಮರದ ವಾಸನೆ ಏರುತ್ತದೆ. ನನಗೆ ಆ ಕಾಫಿ ಅಷ್ಟಾಗಿ ಒಲಿದಿಲ್ಲ. ಆದರೂ ಇಂದಿನ ಡ್ರಮ್ಮಿನ ಕಾಫಿಗಿಂತ ಅದರ ಬಗ್ಗೆ ಗೌರವ ಹೆಚ್ಚು, ಏಕೆಂದರೆ ಅದರ ತಾಪಮಾನ, ತೇವ ಎರಡೂ ಪಶ್ಚಿಮ ಕರಾವಳಿಯದೇ. ಆ ಗಾಳಿಯನ್ನು ಡ್ರಮ್ಮಿನಂತೆ ಬೇರೆ ದೇಶಕ್ಕೆ ಸಾಗಿಸಲು ಬರುವುದಿಲ್ಲ.

ನಮ್ಮ ಬೆಳೆಗಾರರು ಈ ಸೂಕ್ಷ್ಮಗಳಿಗೆ ತಡವಾಗಿ ಬಂದರೆಂದು ದೂರುವವರು ಇತಿಹಾಸ ನೋಡಬೇಕು. 1942ರ ಕಾಫಿ ಕಾಯಿದೆಯ ಕೆಳಗೆ ಬೆಳೆದದ್ದೆಲ್ಲ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ದರ್ಜೆಗೆ ತಕ್ಕ ಅಂಕಗಳಿದ್ದರೂ, ಒಬ್ಬನ ತೊಟ್ಟಿಯ ತಂಪು ಇನ್ನೊಬ್ಬನ ಬಿಸಿ ಚೀಲದೊಂದಿಗೆ ಬೆರೆತುಹೋಗುತ್ತಿತ್ತು. 1996ರಲ್ಲಿ ಪೂರ್ತಿ ಮಾರಾಟ ಸ್ವಾತಂತ್ರ್ಯ ಸಿಕ್ಕಿದ ಮೇಲಷ್ಟೇ ತೋಟದ ಹೆಸರಿಗೆ ಬೆಲೆ ಬರುವ ದಾರಿ ತೆರೆಯಿತು. ಅರ್ಧ ಶತಮಾನ ಯಾರೂ ಹೆಸರಿಟ್ಟು ಕೇಳದ ಗುಣವನ್ನು ಕಷ್ಟಪಟ್ಟು ಕಾಪಾಡುವುದು ಯಾರಿಗೆ ಬೇಕಿತ್ತು?

ಕುಡಿಯುವವರ ಕಡೆಯಿಂದಲೂ ಒಂದು ಮಾತು. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಇರಬಹುದು. ಕಪ್ಪಗೆ ಹುರಿದು, ಚಿಕೋರಿ ಬೆರೆಸಿ, ಹಾಲು ಸಕ್ಕರೆ ಸುರಿದ ಲೋಟದಲ್ಲಿ ತಂಪು ತೊಟ್ಟಿಯ ಹುದುಗಿನ ರುಚಿಯನ್ನು ಹುಡುಕುವುದು ಹುಚ್ಚು. ಆ ಲೋಟವನ್ನು ನಾನು ಬಿಡುವವನಲ್ಲ, ಆದರೆ ಅದಕ್ಕಾಗಿ ದುಬಾರಿ ಪೊಟ್ಟಣ ಕೊಳ್ಳುವವರನ್ನು ಕಂಡರೆ ಪಾಪ ಎನಿಸುತ್ತದೆ.

ಅಳೆಯುವ ವಿದ್ಯೆ ದೂರದಲ್ಲೇನಿಲ್ಲ. ಅಲ್ಲಾಳಸಂದ್ರದ ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇದೆ. ಅದರ ಬೇರು 1913ರಲ್ಲಿ ಹೆಬ್ಬಾಳದಲ್ಲಿ ಶುರುವಾದ ಕೃಷಿ ಶಾಲೆಯಲ್ಲಿದೆ. ಆಗ ಮೈಸೂರಿನ ಕೃಷಿ ಇಲಾಖೆಯ ಚುಕ್ಕಾಣಿ ಹಿಡಿದಿದ್ದ ಲೆಸ್ಲಿ ಕೋಲ್ಮನ್ ಕಾಲದಲ್ಲೇ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಹುಟ್ಟಿತು. ರೋಗ ತಡೆಯುವ ತಳಿಗಳ ಮೇಲೆ ಅಲ್ಲಿ ಆದ ಕೆಲಸ ದೊಡ್ಡದು. ಬೆಳೆಗಾರನ ಕಣಕ್ಕೂ ಚೀಲಕ್ಕೂ ಅಷ್ಟೇ ಶ್ರದ್ಧೆಯಿಂದ ಥರ್ಮಾಮೀಟರ್ ತಲುಪಬೇಕು. ಡ್ರಮ್ಮು ಕೊಳ್ಳಲು ಹೊರಟ ಸಣ್ಣ ಬೆಳೆಗಾರ ನನ್ನನ್ನು ಕೇಳಿದರೆ, ಮೊದಲು ತೇವಮಾಪಕ ಒಂದು, ಸಲಾಕೆಯಂತೆ ರಾಶಿಗೆ ಚುಚ್ಚುವ ಥರ್ಮಾಮೀಟರ್ ಎರಡು, ಆಮೇಲೆ ಜಾಲರಿ ಮಂಚ ಎನ್ನುತ್ತೇನೆ. ಉಳಿದ ಹಣದಲ್ಲಿ ಡ್ರಮ್ಮು ಬಂದರೆ ಬರಲಿ. ಪೊಟ್ಟಣ ಅಚ್ಚು ಹಾಕಿಸುವವರು ಗಂಟೆಯ ಪಕ್ಕದಲ್ಲಿ ಡಿಗ್ರಿಯನ್ನೂ, ಒಣಗಲು ಹಿಡಿದ ದಿನಗಳನ್ನೂ, ಕುಯ್ದ ತಿಂಗಳನ್ನೂ ಹಾಕಲಿ. ಹಣ್ಣುಗಳ ಪಟ್ಟಿಯನ್ನು ತೆಗೆದರೆ ಅಷ್ಟಕ್ಕೆ ಜಾಗ ಸಿಗುತ್ತದೆ.