ಒನಕೆಯ ಹಾಡಿನಲ್ಲಿ ಒಲವು, ಬಿಡುಗಡೆ
(ಜಗನ್ನಾಥದಾಸರ ‘ತತ್ತ್ವಸುವ್ವಾಲಿ’ಯ ವಿಮರ್ಶೆ)

ಕವಿತಾಳದ ಸುತ್ತಣ ಸೀಮೆಯು ದಾಸಸಾಹಿತ್ಯದ ತವರು. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ, ಈ ಮೂರೂ ಮಾನ್ವಿ ದೇವದುರ್ಗಗಳ ನೆಲದಲ್ಲಿಯೇ ಇರುವವು. ಜಗನ್ನಾಥದಾಸರ (1728–1809) ಹೆಸರೆತ್ತಿದೊಡನೆ ವಾಚಕರಿಗೆ ‘ಹರಿಕಥಾಮೃತಸಾರ’ವು ನೆನಪಾಗುವದು ಸಹಜ. ಭಾಮಿನಿ ಷಟ್ಪದಿಯ ಆ ಮಹಾಕೃತಿಯ ನೆರಳಿನಲ್ಲಿ ಅವರ ‘ತತ್ತ್ವಸುವ್ವಾಲಿ’ಯು ಮರೆಯಾದಂತಿದೆ. ಆದರೆ ಒಲವಿಗೂ ಬಿಡುಗಡೆಗೂ ಹಂಬಲಿಸುವ ಜೀವಕ್ಕೆ ಕಾವ್ಯವು ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನರಿಯಲು ಈ ಸರಳ ಕೃತಿಯೇ ಹೆಚ್ಚು ತಕ್ಕುದು.

ಎಳೆಯ ವಯಸ್ಸಿನಲ್ಲಿ ವೈಧವ್ಯಕ್ಕೀಡಾದ ಹೆಣ್ಣುಮಗಳೊಬ್ಬಳನ್ನು ಸಂತೈಸಲು ದಾಸರು ಇದನ್ನು ರಚಿಸಿದರೆಂಬ ಪ್ರತೀತಿಯುಂಟು. ಪ್ರತೀತಿಗೆ ಬೇರೆ ಆಧಾರವಿರಲಿ ಇಲ್ಲದಿರಲಿ, ಕೃತಿಯ ರೂಪವು ಅದಕ್ಕೆ ಒಪ್ಪುವಂತಿದೆ. ‘ಸುವ್ವಿ’ ಎಂಬುದು ಧಾನ್ಯವನ್ನು ಕುಟ್ಟುವ ಹೆಂಗಸರ ಪಲ್ಲವಿ. ತ್ರಿಪದಿಯು ಅವರ ನಾಲಗೆಯ ಮೇಲೆ ಬೆಳೆದ ಛಂದಸ್ಸು. ಸಂಸ್ಕೃತ ಪಾಂಡಿತ್ಯದ ಬಿಗುವಿನಲ್ಲಿ ವಿಜಯದಾಸರ ಕನ್ನಡ ಪದಗಳನ್ನು ಒಮ್ಮೆ ಅಲ್ಲಗಳೆದವರೆಂದು ಸಂಪ್ರದಾಯವು ಹೇಳುವ ವಿದ್ವಾಂಸರೇ ಒನಕೆಯ ಏಟಿಗೆ ತಕ್ಕಂತೆ ತತ್ತ್ವವನ್ನು ಹಾಡಿಸಹೊರಟರು. ಇದು ಕೇವಲ ಶೈಲಿಯ ಮಾರ್ಪಾಡಲ್ಲ. ವೇದಾಂತವು ಮಠದಿಂದ ಅಡಿಗೆಮನೆಗೆ ಬಂದ ದಾರಿ.

ಬಾಲವಿಧವೆಗೆ ಅಂದಿನ ಲೋಕವು ಉಳಿಸಿದ್ದೇನು? ಮುಖ ಪರಿಚಯವೂ ಆಗದ ಗಂಡನಿಗಾಗಿ ಬಾಳೆಲ್ಲ ನೋಂಪಿ. ಶುಭಕಾರ್ಯಗಳಲ್ಲಿ ಆಕೆಗೆ ಎಡೆಯಿಲ್ಲ; ಒಲಿಯುವ ಹಕ್ಕಂತೂ ಇಲ್ಲವೇ ಇಲ್ಲ. ಇಂತಹ ಜೀವಕ್ಕೆ ದಾಸರು ಎಂದಿಗೂ ಅಗಲದ ಒಡೆಯನನ್ನು ತೋರಿಸಿದರು. ಬತ್ತಿಹೋಗಬಹುದಾಗಿದ್ದ ಅಕ್ಕರೆಗೆ ಹರಿಯಲೊಂದು ಕಾಲುವೆ ದೊರೆಯಿತು. ಸಂಸ್ಕೃತದ ಬಾಗಿಲಲ್ಲಿ ತಡೆಯಲ್ಪಟ್ಟವಳಿಗೆ ಮಾಧ್ವತತ್ತ್ವವು ತಾಯ್ನುಡಿಯಲ್ಲಿ ಕೈಗೆಟುಕಿತು. ಅರಿವಿನ ಈ ಸ್ವಾತಂತ್ರ್ಯವು ಅಲ್ಪವಲ್ಲ.

ಆದರೂ ವಿಮರ್ಶೆಯು ಇಲ್ಲಿಗೇ ನಿಲ್ಲಲಾಗದು. 1931ರಲ್ಲಿ ಹಲಸಂಗಿಯ ಗೆಳೆಯರು ಬೆಳಕಿಗೆ ತಂದ ‘ಗರತಿಯ ಹಾಡು’ ಸಂಗ್ರಹದಲ್ಲಿಯೂ ತ್ರಿಪದಿಗಳೇ ಇವೆ. ಅಲ್ಲಿ ಹೆಣ್ಣು ತವರನ್ನೂ ಅಣ್ಣನನ್ನೂ ಕಂದನನ್ನೂ ಗಂಡನನ್ನೂ ತಾನೇ ಹೆಸರಿಸಿ ಹಾಡುವಳು. ಅವಳ ಒಲವಿಗೆ ಮನುಷ್ಯರ ಮೈಬಿಸಿಯಿದೆ. ‘ತತ್ತ್ವಸುವ್ವಾಲಿ’ಯಲ್ಲಿ ಸ್ತುತಿ ತತ್ತ್ವಗಳೇ ಪ್ರಧಾನ. ಯಾರಿಗಾಗಿ ಹಾಡು ಹುಟ್ಟಿತೋ ಆಕೆಯ ಬಾಳಿನ ಕೊರಗು ಅದರ ವಸ್ತುವಾಗಲಿಲ್ಲ. ಮಾನವಪ್ರೇಮದ ಹಂಬಲವನ್ನು ಕವಿಯು ಬೇರೆಡೆಗೆ ತಿರುಗಿಸಿದರೇ ಹೊರತು ಅದಕ್ಕೆ ಉತ್ತರ ಕೊಡಲಿಲ್ಲ. ಹಾಡು ನುಡಿಯುವ ಬಿಡುಗಡೆಯು ಭವಬಂಧನದಿಂದ, ನಡುಮನೆಯ ಮೂಲೆಯಿಂದಲ್ಲ. ವಿಧವಾವಿವಾಹಕ್ಕೆ ಮನ್ನಣೆಯಿತ್ತ ಕಾಯಿದೆಯು ಬಂದದ್ದು 1856ರಲ್ಲಿ, ದಾಸರು ತೀರಿ 47 ವರುಷಗಳಾದ ಮೇಲೆ. ಆ ಕಾಲದ ಭಕ್ತನನ್ನು ಸುಧಾರಕನಾಗಲಿಲ್ಲವೆಂದು ದೂರುವದು ಸಲ್ಲದು. ಆದರೆ ಸಾಂತ್ವನವನ್ನೇ ಬಿಡುಗಡೆಯೆಂದು ಕೊಂಡಾಡುವದೂ ಅಷ್ಟೇ ಸಲ್ಲದು.

ಹಾಗಾದರೆ ಕೃತಿಯ ಬೆಲೆ ಕುಂದುವದೇ? ಇಲ್ಲ. ಓದುವ ಕಾವ್ಯವು ಕವಿಯದಾಗಿಯೇ ಉಳಿಯಬಹುದು. ದುಡಿಯುತ್ತ ಹಾಡುವ ಹಾಡು ಹಾಡಿದವಳದಾಗುವದು. ಗುರುವು ತತ್ತ್ವವನ್ನು ನುಡಿದಲ್ಲಿ ಒನಕೆ ಹಿಡಿದವಳು ತನ್ನ ನಿಟ್ಟುಸಿರನ್ನು ಬೆರೆಸಿಕೊಳ್ಳಬಲ್ಲಳು. ಆ ಎಡೆಯನ್ನು ಸುವ್ವಿಯ ಧಾಟಿಯೇ ಆಕೆಗೆ ಒದಗಿಸಿದೆ. ಇಂದು ಯಂತ್ರಗಳು ಬಂದು ಒನಕೆಯ ಸದ್ದಡಗಿದೆ. ಆದುದರಿಂದ ಈ ಕೃತಿಯನ್ನು ‘ಹರಿಕಥಾಮೃತಸಾರ’ದ ಪಕ್ಕದಲ್ಲಿಟ್ಟು ಚಿಕ್ಕದೆನ್ನುವದಕ್ಕಿಂತ, ‘ಗರತಿಯ ಹಾಡಿ’ನ ಪಕ್ಕದಲ್ಲಿಟ್ಟು ಓದುವದು ಯೋಗ್ಯ. ಆಗ ದಾಸರು ಹೇಳಿದುದರ ಜೊತೆಗೆ ಆ ಹೆಣ್ಣುಮಗಳು ಹೇಳದೆ ಉಳಿಸಿಕೊಂಡುದೂ ಸಹೃದಯರ ಕಿವಿಗೆ ಬಿದ್ದೀತು.